ವೆಂಕೋಬಾಚಾರ್ರ ಪಾಸ್‌ಪೋರ್ಟು ಮತ್ತು ನಾನು ಉಂಡ ಊಟ

ಪಾಸ್‌ಪೋರ್ಟ್ ಎಂಬ ಪುಸ್ತಕವನ್ನು ನಾನು ಇಡೀ ನೌಕರಿಯಲ್ಲಿ ಕೈಯಲ್ಲಿ ಹಿಡಿದದ್ದು ಒಂದೇ ಸಲ. ಆದರೆ ಪಾಸ್‌ಪೋರ್ಟಿಗೆ ಸಂಬಂಧಪಟ್ಟ ಕಾಗದಗಳನ್ನು ವರ್ಷಗಟ್ಟಲೆ ನೋಡಿದೆ. ಐವತ್ತರ ದಶಕದಲ್ಲಿ ಆದವಾನಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಯಾವ ಕಚೇರಿ ಎಂಬುದು ಬೇಡ; ತಪ್ಪು ಮಾಡಿದವನು ನಾನು, ಕಟ್ಟಡವಲ್ಲ. ಬಡ್ತಿ ಯಾವಾಗ ಬಂತು ಎಂಬುದೂ ಬೇಡ. ಅದೆಲ್ಲ ನನ್ನ ಸರ್ವೀಸ್ ರಿಜಿಸ್ಟರಿನಲ್ಲಿದೆ, ಯಾರಿಗಾದರೂ ಹೊತ್ತು ಹೋಗದಿದ್ದರೆ ಓದಿಕೊಳ್ಳಲಿ. ನನ್ನ ಅಕ್ಕನ ಮೊಮ್ಮಗಳು ಈಗ ಇಂಥದೇ ವಿಚಾರಣೆಯ ಕೆಲಸಕ್ಕೆ ಸೇರಿದ್ದಾಳೆ. "ಅಜ್ಜಾ, ಆಗ ನೀವು ಹ್ಯಾಂಗ ಮಾಡತಿದ್ರಿ?" ಎಂದು ಕೇಳಿದಳು. ಬಾಯಲ್ಲಿ ಹೇಳಲು ಹೋದೆ, ಅರ್ಧಕ್ಕೆ ನಿಂತಿತು. ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಇಷ್ಟೇ. ನಮ್ಮ ಕಡೆಯವರು ಪೆನಾಂಗ್, ರಂಗೂನ್, ಆಫ್ರಿಕಾ ಎಂದು ಹೋಗಿರುತ್ತಿದ್ದರು. ಅವರ ಕೈಯಲ್ಲಿದ್ದದ್ದು ಬ್ರಿಟಿಷರು ಕೊಟ್ಟ ಹಳೆಯ ಪಾಸ್‌ಪೋರ್ಟು. ದೇಶ ಸ್ವತಂತ್ರವಾದ ಮೇಲೆ ಆ ಪುಸ್ತಕ ನಡೆಯದು, ಹೊಸ ಸರ್ಕಾರದ್ದು ಬೇಕು. ಅವರು ಅಲ್ಲಿಯೇ ಅರ್ಜಿ ಹಾಕಿದರೆ, ಆ ಅರ್ಜಿ ಹಡಗು ಹತ್ತಿ ದಿಲ್ಲಿಗೆ, ದಿಲ್ಲಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ನನ್ನ ಮೇಜಿಗೆ ಬರುತ್ತಿತ್ತು. ಜೊತೆಗೆ ಒಂದು ಫೋಟೋ. ನಾನು ಆ ಊರಿಗೆ ಹೋಗಿ, ಈ ಹೆಸರಿನವನು ಇಲ್ಲಿ ಹುಟ್ಟಿದ್ದು ನಿಜವೇ, ಈ ಮುಖವನ್ನು ಯಾರಾದರೂ ಬಲ್ಲರೇ ಎಂದು ಕೇಳಿ, ಇಬ್ಬರ ಸಹಿ ತಂದು ರಿಪೋರ್ಟು ಬರೆಯಬೇಕು. ಸಮುದ್ರದ ಆಚೆಯ ಒಬ್ಬ ಮನುಷ್ಯ ಊರಿಗೆ ಬರುವುದು ಬಿಡುವುದು ನನ್ನ ನಾಲ್ಕು ಸಾಲಿನ ಮೇಲೆ ನಿಂತಿರುತ್ತಿತ್ತು. ಆಗ ನನಗೆ ಅದರ ಭಾರ ತಿಳಿದಿರಲಿಲ್ಲ.

ನಾನು ಒಬ್ಬನೇ ಇದ್ದೆ. ಮದುವೆಯಾಗಿ ಎರಡನೇ ವರ್ಷಕ್ಕೆ ಹೆರಿಗೆಯಲ್ಲಿ ಹೆಂಡತಿ ಹೋದಳು, ಕೂಸೂ ಹೋಯಿತು. ಹತ್ತಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಒಂದು ಖೋಲಿ, ಎರಡು ಹೊತ್ತು ಖಾನಾವಳಿಯ ಊಟ. ಆದವಾನಿಯಲ್ಲಿ ಹತ್ತಿಯ ಸುಗ್ಗಿಯಿದ್ದಾಗ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲುಗಳ ಸದ್ದು ಊರು ತುಂಬ ಇರುತ್ತಿತ್ತು. ಭಾನುವಾರ ಮಿಲ್ಲು ನಿಂತರೆ ನನಗೆ ಖೋಲಿಯಲ್ಲಿ ಕೂಡಲು ಆಗುತ್ತಿರಲಿಲ್ಲ. ಸ್ಟೇಷನ್ನಿಗೆ ಹೋಗಿ ಬಾಂಬೆ ಮೇಲ್ ರೈಲು ಬಂದು ಹೋಗುವುದನ್ನು ನೋಡಿ ಬರುತ್ತಿದ್ದೆ. ಯಾರಾದರೂ ಇಳಿಯುತ್ತಾರೆ ಎಂದಲ್ಲ, ಸುಮ್ಮನೆ. ಊರೂರು ತಿರುಗುವ ವಿಚಾರಣೆಯ ಕೆಲಸವನ್ನು ಬೇರೆ ಗುಮಾಸ್ತರು ಬೇಡವೆಂದು ನನ್ನ ತಲೆಗೆ ಕಟ್ಟಿದ್ದರು. ನನಗೆ ಅದು ಖುಷಿಯೇ ಆಗಿತ್ತು. ಹಳ್ಳಿಗೆ ಹೋದರೆ ನಾಲ್ಕು ಮಂದಿ ಮಾತಾಡಿಸುತ್ತಿದ್ದರು.

ಮೊದಲ ವರ್ಷವೇ ನಂದವರದಲ್ಲಿ ಒಂದು ಪಾಠವಾಯಿತು. ಪೆನಾಂಗಿನಲ್ಲಿದ್ದ ಒಬ್ಬನ ಪಾಸ್‌ಪೋರ್ಟು ಬೆಂಕಿಯಲ್ಲಿ ಸುಟ್ಟುಹೋಗಿ ಹೊಸದಕ್ಕೆ ಅರ್ಜಿ ಹಾಕಿದ್ದ. ಅವನ ತಾಯಿ ಲಕ್ಷ್ಮಮ್ಮನ ಕೈಗೆ ಫೋಟೋ ಕೊಟ್ಟೆ. ಕೋಟು, ಟೈ, ನಡುವೆ ಬೈತಲೆ ತೆಗೆದ ಕ್ರಾಪು. ಆಕೆ ತಿರುಗಿಸಿ ಮುರುಗಿಸಿ ನೋಡಿ, "ಈ ದೊರಿ ಯಾರಪ್ಪ? ನನ್ನ ಮಗ ಅಲ್ಲ ಬಿಡು. ನಮ್ಮೋನಿಗೆ ಅಂಗಿ ಗುಂಡಿ ಹಾಕ್ಕೊಳ್ಳಾಕ ಬರತಿದ್ದಿಲ್ಲ" ಎಂದು ವಾಪಸ್ಸು ಕೊಟ್ಟಳು. ನಾನು "ಗುರುತಿಸಲಿಲ್ಲ" ಎಂದು ಬರೆಯಲು ಪೆನ್ನು ತೆಗೆದಿದ್ದೆ. ಪಕ್ಕದ ಮನೆಯ ಹೆಂಗಸು ಫೋಟೋ ಇಸಿದುಕೊಂಡು, ಎರಡೂ ಅಂಗೈಯಿಂದ ಕೋಟನ್ನೂ ಕ್ರಾಪನ್ನೂ ಮುಚ್ಚಿ, "ಈಗ ನೋಡಬೇ ಯಕ್ಕಾ" ಎಂದಳು. ಮುದುಕಿ ನೋಡಿದಳು. "ಅಯ್ಯ, ಇದು ನಂದs ಐತಲ್ಲೋ!" ಎಂದು ಅಲ್ಲೇ ಕಟ್ಟೆಯ ಮೇಲೆ ಕುಸಿದು ಅಳತೊಡಗಿದಳು.

ಇದನ್ನು ನನ್ನ ಮೇಲಧಿಕಾರಿ ಖಾದರ್ ಸಾಹೇಬರಿಗೆ ಹೇಳಿದೆ. ಅವರು ಹೊಟ್ಟೆ ಹಿಡಿದು ನಕ್ಕು, ಆಮೇಲೆ ಒಂದು ದಪ್ಪ ಕಾಗದ ತೆಗೆದುಕೊಂಡು ನಡುವೆ ಕತ್ತರಿಯಿಂದ ಮುಖದಷ್ಟು ತೂತು ಕೊಯ್ದರು. "ಇದನ್ನ ಫೋಟೋ ಮ್ಯಾಲಿಟ್ಟು ತೋರಸ್ರಿ ರಾವ್‌ಜೀ. ಬಟ್ಟಿ ನೋಡಿದ್ರ ಯಾರ ಗುರುತೂ ಸಿಗಂಗಿಲ್ಲ" ಎಂದರು. ಆ ತೂತಿನ ಕಾಗದ ಮುಂದೆ ಯಾವಾಗಲೂ ನನ್ನ ಚೀಲದಲ್ಲಿರುತ್ತಿತ್ತು. ಈಗಿನವರು ನಗಬಹುದು, ಆದರೆ ಅದರಿಂದ ಎಷ್ಟೋ ಮಂದಿ ಮನೆ ಸೇರಿದರು.

ಮಾಧವರಂ ಎಂಬ ಊರಿನ ಅರ್ಜಿ ಬಂದದ್ದು ನಾವು ಬಳ್ಳಾರಿ ಜಿಲ್ಲೆ ಬಿಟ್ಟು ಕರ್ನೂಲು ಜಿಲ್ಲೆಗೆ, ಆಂಧ್ರಕ್ಕೆ ಸೇರಿದ ಮೇಲೆ. ಅರ್ಜಿದಾರ ವೆಂಕೋಬಾಚಾರ್. ಆಫ್ರಿಕಾದ ಯುಗಾಂಡಾದಲ್ಲಿ ಒಬ್ಬ ಗುಜರಾತಿ ಸೇಠರ ಹತ್ತಿ ಜಿನ್ನಿನಲ್ಲಿ ತೂಕದ ಗುಮಾಸ್ತ. ಆ ಸೇಠರು ಒಂದು ಕಾಲಕ್ಕೆ ಆದವಾನಿಯಲ್ಲಿ ಹತ್ತಿ ಕೊಳ್ಳುತ್ತಿದ್ದವರು, ಅವರೇ ಕರೆದುಕೊಂಡು ಹೋಗಿದ್ದರು. ಪಾಪ, ಅವನು ಊರಿನ ಹೆಸರಿನ ಮುಂದೆ "ಬಳ್ಳಾರಿ ಜಿಲ್ಲೆ, ಮದ್ರಾಸ್ ಪ್ರಾಂತ" ಎಂದು ಬರೆದಿದ್ದ. ಕಾಗದ ಮೊದಲು ಬಳ್ಳಾರಿಗೆ ಹೋಗಿ, ಈ ಊರು ಈಗ ನಮ್ಮಲ್ಲಿಲ್ಲ ಎಂದು ಬರೆಸಿಕೊಂಡು, ತಿಂಗಳುಗಟ್ಟಲೆ ಸುತ್ತಿ ನಮ್ಮ ಕಡೆ ಬಂತು. ದೂರದಲ್ಲಿ ಕೂತವನಿಗೆ ತನ್ನೂರು ಜಿಲ್ಲೆ ಬದಲಿಸಿದ್ದು ಹೇಗೆ ಗೊತ್ತಾಗಬೇಕು? ಹೇಳುವವರು ಯಾರೂ ಇರಲಿಲ್ಲ.

ಆಷಾಢದ ಅಮಾವಾಸ್ಯೆಯ ದಿನ ಬೆಳಗಿನ ರೈಲಿಗೆ ಹೊರಟೆ. ಮಂತ್ರಾಲಯಕ್ಕೆ ಹೋಗುವವರು ಇಳಿಯುವ ಸ್ಟೇಷನ್ನಿನಲ್ಲಿ ಇಳಿದು ಮಾಧವರಕ್ಕೆ ನಡೆದೆ. ತುಂಗಭದ್ರೆ ದಂಡೆ ಮುಟ್ಟಿ ಕೆಂಪಗೆ ಹರಿಯುತ್ತಿದ್ದಳು, ಹರಿಗೋಲುಗಳನ್ನು ಬೋರಲು ಹಾಕಿದ್ದರು. ಊರಿನ ಲೆಕ್ಕಪತ್ರ ನೋಡುವ ಕರಣಂ ನರಸಿಂಗರಾಯರನ್ನು ಕಂಡು ವೆಂಕೋಬಾಚಾರ್ರ ವಿಚಾರ ಕೇಳಿದೆ.

"ಅಯ್ಯೋ, ಚನಿಪೋಯಾರು ಕದಂಡೀ! ಅವರು ಹೋಗಿ ಎಷ್ಟೋ ವರ್ಷ ಆತು. ಸರಿಯಾದ ದಿನಾನs ಬಂದೀರಿ ನೋಡ್ರಿ, ಇವತ್ತs ಅವರ ಶ್ರಾದ್ಧ" ಎಂದರು.

ಮನೆಗೆ ಕರೆದುಕೊಂಡು ಹೋದರು. ವೆಂಕೋಬಾಚಾರ್ರ ತಮ್ಮ ಹನುಮಂತಾಚಾರ್ರು ಊರ ಹನುಮಪ್ಪನ ಗುಡಿಯ ಪೂಜಾರಿ, ಮೆತ್ತಗಿನ ಮನುಷ್ಯ. ಒದ್ದೆ ಪಂಚೆಯಲ್ಲಿ ಬಾಗಿಲಿಗೆ ಬಂದು ಎಲ್ಲವನ್ನೂ ಹೇಳಿದರು. ಅಣ್ಣ ಸಮುದ್ರ ದಾಟಿ ಹೋಗಿದ್ದು ತಂದೆಗೆ ಸೇರಲಿಲ್ಲ. ಅಣ್ಣನ ಕಾಗದವೇ ಬರಲಿಲ್ಲ. ಹನ್ನೆರಡು ವರ್ಷ ಕಾದರು. ತಂದೆ ತೀರಿಕೊಂಡ ಮೇಲೆ ಪಂಡಿತರನ್ನು ಕೇಳಿ, ಶಾಸ್ತ್ರದಲ್ಲಿ ಹೇಳಿದಂತೆ ದರ್ಭೆಯ ಗೊಂಬೆ ಮಾಡಿ, ಅದನ್ನೇ ಅಣ್ಣನೆಂದು ದಹನ ಮಾಡಿದರು. ಅವತ್ತಿನಿಂದ ಅತ್ತಿಗೆ ತುಂಗಾಬಾಯಿಯ ಹಣೆಯ ಕುಂಕುಮ ಹೋಯಿತು, ಕೂದಲೂ ಹೋಯಿತು. ಹೋದ ತಿಥಿ ತಿಳಿಯದ್ದರಿಂದ ಈ ಅಮಾವಾಸ್ಯೆಯನ್ನೇ ಹಿಡಿದು ವರ್ಷಾವರ್ಷ ಮಾಡುತ್ತಿದ್ದರು.

"ಆಚೆ ದಂಡಿಯಿಂದ ಒಬ್ಬ ಬ್ರಾಹ್ಮಣರು ಬರಬೇಕಾಗಿತ್ರಿ. ಹೊಳಿ ಬಂದದ, ಹರಗೋಲು ಬಿಡವಲ್ಲರು. ಪಿತೃಸ್ಥಾನಕ್ಕ ಯಾರೂ ಇಲ್ಲ" ಎಂದು ನನ್ನ ಮುಖ ನೋಡಿದರು. "ನಿಮ್ಮ ಗೋತ್ರ ಯಾವುದ್ರಿ ರಾಯರ?"

ಪಿತೃಸ್ಥಾನವೆಂದರೆ ಸತ್ತವರ ಜಾಗ. ಅಲ್ಲಿ ಕೂತ ಬ್ರಾಹ್ಮಣ ಉಂಡರೆ ಸತ್ತವರೇ ಉಂಡಂತೆ. ಕೂಡುವವನ ಗೋತ್ರ ಬೇರೆಯಿರಬೇಕು, ನನ್ನದು ಬೇರೆಯೇ ಇತ್ತು. ಉಪವಾಸವೂ ಇರಬೇಕು; ಬೆಳಿಗ್ಗೆ ಸ್ಟೇಷನ್ನಿನಲ್ಲಿ ಒಂದು ಲೋಟ ಕಾಫಿ ಕುಡಿದಿದ್ದೆ, ಅದನ್ನು ಹೇಳಲಿಲ್ಲ. ಖರೆ ಹೇಳಬೇಕೆಂದರೆ, ಒಳಗಿನಿಂದ ತುಪ್ಪದಲ್ಲಿ ವಡೆ ಕರಿಯುವ ವಾಸನೆ ಬರುತ್ತಿತ್ತು. ಒಂದು ಮನೆಯೊಳಗೆ ಕೂತು ಎಲೆ ಹಾಕಿಸಿಕೊಂಡು ಉಂಡು ನನಗೆ ಆರು ವರ್ಷವಾಗಿತ್ತು. ಸ್ನಾನ ಮಾಡಿ, ಅವರು ಕೊಟ್ಟ ಮಡಿ ಉಟ್ಟುಕೊಂಡು ಕೂತೆ. ನನ್ನ ಚೀಲ ಗೂಟಕ್ಕೆ ತೂಗುತ್ತಿತ್ತು. ಅದರೊಳಗೆ ವೆಂಕೋಬಾಚಾರ್ರ ಫೋಟೋ ಇತ್ತು.

ಹನುಮಂತಾಚಾರ್ರು ಅಣ್ಣನ ಹೆಸರು, ಗೋತ್ರ ಹೇಳಿ ನನ್ನ ಪಾದ ತೊಳೆದರು. ಎಲೆಯ ಮೇಲೆ ವಡೆ, ರವೆ ಉಂಡಿ, ಎಳ್ಳಿನ ಉಂಡಿ, ಬಾಳೆಕಾಯಿ ಪಲ್ಯ, ಗೆಣಸು, ಖೀರು. ಹಾಗಲಕಾಯಿ ಗೊಜ್ಜಿಗೆ ಬೆಲ್ಲ ತುಸು ಮುಂದಾಗಿತ್ತು, ನಾನು ಅದನ್ನೇ ಮೂರು ಸಲ ಹಾಕಿಸಿಕೊಂಡೆ. ಉಂಡಾದ ಮೇಲೆ ತೃಪ್ತಿಯಾಯಿತೇ ಎಂದು ಕೇಳುವ ಪದ್ಧತಿ. ಹನುಮಂತಾಚಾರ್ರು ಕೇಳಿದರು. "ತೃಪ್ತಿಯಾಯಿತು" ಎಂದೆ. ಅಡುಗೆಮನೆಯ ಬಾಗಿಲಲ್ಲಿ ಕೆಂಪು ಮಡಿಸೀರೆಯ ಅಂಚು ಕಾಣುತ್ತಿತ್ತು. ಅದು ಅಲ್ಲಾಡಲಿಲ್ಲ. ಅವರಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಗಟ್ಟಿಯಾಗಿ ಹೇಳಿದೆ. ಆಗ ಅಂಚು ಒಳಗೆ ಹೋಯಿತು.

ಫೋಟೋ ತೋರಿಸಬೇಕಾಗಿತ್ತು. ನನಗೆ ಗೊತ್ತಿತ್ತು. ನಂದವರದ ಕಟ್ಟೆ ನೆನಪಿತ್ತು, ತೂತಿನ ಕಾಗದ ಚೀಲದಲ್ಲಿತ್ತು. ಆದರೆ ಈಗ ತಾನೇ ಸತ್ತವನ ಜಾಗದಲ್ಲಿ ಕೂತು ಹೊಟ್ಟೆ ತುಂಬ ಉಂಡು, ಅದೇ ಬಾಯಿಂದ "ನಿಮ್ಮ ಅಣ್ಣ ಅರ್ಜಿ ಹಾಕಿದ್ದಾನೆ" ಎಂದು ಹೇಗೆ ಹೇಳಲಿ? ನನಗೆ ನಾಚಿಕೆಯಾಯಿತು. ಸತ್ತವರ ಹೆಸರಿನಲ್ಲಿ ಬೇರೆಯವರು ಪಾಸ್‌ಪೋರ್ಟು ಕೇಳುವುದೂ ಉಂಟು, ಇದೂ ಅಂಥದೇ ಇರಬೇಕೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕರಣಂ ಅವರದು ಒಂದು ಸಹಿ, ತಮ್ಮನದು ಒಂದು ಸಹಿ ಹಾಕಿಸಿಕೊಂಡೆ. ತಮ್ಮನಿಗೆ ಅದು ಯಾವುದೋ ಸರ್ಕಾರಿ ಲೆಕ್ಕಕ್ಕೆ ಎಂದು ಮಾತ್ರ ಹೇಳಿದೆ. ಮರುದಿನ "ಸದರಿ ವ್ಯಕ್ತಿ ಮೃತರಾಗಿದ್ದು ಪ್ರತಿವರ್ಷ ಶ್ರಾದ್ಧ ನಡೆಯುತ್ತಿದೆ, ಅರ್ಜಿದಾರ ಬೇರೆ ಯಾರೋ ಇರಬೇಕು" ಎಂದು ಚೆಂದದ ಅಕ್ಷರದಲ್ಲಿ ಬರೆದು ಕಳಿಸಿದೆ. ರಿಪೋರ್ಟು ಅಚ್ಚುಕಟ್ಟಾಗಿದೆ ಎಂದು ಕರ್ನೂಲಿನಿಂದ ಒಬ್ಬರು ಹೊಗಳಿದರು ಬೇರೆ.

ಹೆಚ್ಚೂಕಡಿಮೆ ಒಂದು ವರ್ಷ ಕಳೆಯಿತು. ಒಂದು ದಿನ ಖಾದರ್ ಸಾಹೇಬರು ನನ್ನನ್ನು ಕರೆದು ಒಂದು ಕಾಗದ ಮುಂದಿಟ್ಟರು. ಯುಗಾಂಡಾದಿಂದ ನೇರವಾಗಿ ನಮ್ಮ ಕಚೇರಿಗೆ ಬಂದಿತ್ತು, ಕನ್ನಡದಲ್ಲಿ. ಸಾಹೇಬರಿಗೆ ಕನ್ನಡ ಮಾತು ಬರುತ್ತಿತ್ತು, ಓದು ಬಾರದು. ನಾನೇ ಓದಿ ಹೇಳಬೇಕಾಯಿತು.

"ನಾನು ಸತ್ತಿದ್ದೇನೆ ಎಂದು ನನ್ನ ಅರ್ಜಿ ವಾಪಸ್ಸು ಬಂದಿದೆ. ಹೋದ ಹೊಸದರಲ್ಲಿ ಮನೆಗೆ ಮೂರು ಕಾಗದ ಬರೆದೆ. ಮೂರೂ ಒಡೆಯದೆ ತಿರುಗಿ ಬಂದವು, ಮೇಲೆ ನನ್ನ ತಂದೆಯ ಅಕ್ಷರದಲ್ಲಿ ‘ಇಂಥವರು ನಮಗೆ ಇಲ್ಲ’ ಎಂದಿತ್ತು. ನನಗೂ ಸಿಟ್ಟು ಬಂತು, ಬರೆಯುವುದು ಬಿಟ್ಟೆ. ಸಿಟ್ಟು ಇಳಿಯುವ ಹೊತ್ತಿಗೆ ಬರೆಯಲು ಮುಖವಿರಲಿಲ್ಲ. ಈಗ ಐವತ್ತು ದಾಟಿದೆ. ಇಲ್ಲಿ ನನ್ನ ಜೊತೆ ಕನ್ನಡ ಮಾತಾಡುವವರು ಒಬ್ಬರೂ ಇಲ್ಲ. ದೇವರ ಮುಂದೆ ಕೂತಾಗ ನನ್ನ ಜೊತೆ ನಾನೇ ಮಾತಾಡುತ್ತೇನೆ. ಊರಿಗೆ ಬಂದು ಸಾಯಬೇಕೆಂದರೆ ಈಗಾಗಲೇ ಸತ್ತಿದ್ದೇನೆ ಎನ್ನುತ್ತೀರಿ. ನಾನು ಸತ್ತದ್ದನ್ನು ಯಾರು ನೋಡಿದರು, ದಯವಿಟ್ಟು ತಿಳಿಸಬೇಕು. ನನ್ನ ಹೆಂಡತಿ ತುಂಗಾಬಾಯಿಗೆ ನನ್ನ ಫೋಟೋ ತೋರಿಸಿದಿರೇ?"

ಕಾಗದ ಮಡಿಸಿ ಮೇಜಿನ ಮೇಲಿಟ್ಟೆ. ಸಾಹೇಬರು ಕೇಳಿದರು.

"ಫೋಟೋ ಬತಾಯೆ ಕ್ಯಾ, ರಾವ್‌ಜೀ?"

"ಇಲ್ಲ ಸರ್, ತೋರಿಸಲಿಲ್ಲ."

"ಯಾಕ?"

"ಊಟ ಮಾಡಿದ್ದೆ ಸರ್" ಎಂದು ಎಲ್ಲವನ್ನೂ ಹೇಳಿದೆ. ಯಾವ ಮಾತಿಗೂ ನಗುವ ಸಾಹೇಬರು ಆ ದಿನ ನಗಲಿಲ್ಲ. "ಜಿಂದಾ ಇದ್ದವನ ಶ್ರಾದ್ಧ ಉಂಡು ಬಂದೀರಲ್ರೀ. ಇವತ್ತs ಹೋಗ್ರಿ" ಎಂದರು. ಮೆಮೋ ಕೊಡುತ್ತಾರೆಂದುಕೊಂಡಿದ್ದೆ, ಕೊಡಲಿಲ್ಲ. ಕೊಟ್ಟಿದ್ದರೆ ಚೆನ್ನಾಗಿತ್ತು.

ಎರಡನೇ ಸಲ ಮಾಧವರಕ್ಕೆ ಹೋದಾಗ ಹನುಮಂತಾಚಾರ್ರಿಗೆ ಜಗುಲಿಯ ಮೇಲೆಯೇ ಕಾಗದ ಓದಿ ಹೇಳಿದೆ. ಅವರು ಕಂಬ ಹಿಡಿದುಕೊಂಡರು. ಒಂದು ವರ್ಷದ ಹಿಂದೆಯೇ ಅರ್ಜಿ ನನ್ನ ಚೀಲದಲ್ಲಿತ್ತು ಎಂದೂ ಹೇಳಿದೆ. ಒಳಗಿದ್ದ ತುಂಗಾಬಾಯಿಗೆ ಎಲ್ಲ ಕೇಳಿಸಿತ್ತು. ಹೊರಗಿನವರ ಮುಂದೆ ಬಾರದ ಆಕೆ ತಾವಾಗಿ ಹೊಸ್ತಿಲಿಗೆ ಬಂದು ಕೈ ಚಾಚಿದರು. ನಾನು ತೂತಿನ ಕಾಗದ ಮೇಲಿಟ್ಟು ಫೋಟೋ ಕೊಟ್ಟೆ.

"ಈ ಕಾಗದ ತಗೀರಿ. ಪೂರ್ತಿ ನೋಡತೀನಿ" ಎಂದರು.

ತೆಗೆದೆ. ಕೋಟು, ಕನ್ನಡಕ, ನರೆತ ಕೂದಲು, ಎಲ್ಲವನ್ನೂ ನಿಧಾನವಾಗಿ ನೋಡಿದರು. "ಬಡವಾಗ್ಯಾರ. ಹಲ್ಲು ಹೋಗ್ಯಾವ" ಎಂದರು. ಆಮೇಲೆ, "ಅವರs" ಎಂದರು. ಅಳಲಿಲ್ಲ.

ಹೇಳಿಕೆ ಬರೆದುಕೊಳ್ಳುವಾಗ, "ನನ್ನ ಹೆಸರಿನ ಮುಂದ ಏನಂತ ಬರೀತೀರಿ?" ಎಂದು ಕೇಳಿದರು. "ತುಂಗಾಬಾಯಿ, ವೆಂಕೋಬಾಚಾರ್ರ ಹೆಂಡತಿ" ಎಂದು ಓದಿದೆ. "ಇನ್ನೊಮ್ಮೆ ಓದ್ರಿ" ಎಂದರು. ಇನ್ನೊಮ್ಮೆ ಓದಿದೆ. ಸಹಿ ಮಾಡಿದರು. ಅವರ ಕೈಬರಹ ನನ್ನದಕ್ಕಿಂತ ದುಂಡಗಿತ್ತು.

ಹಣೆಯ ಕುಂಕುಮದ ಮಾತು ಬಂತು. ಹನುಮಂತಾಚಾರ್ರು ಪಂಡಿತರನ್ನು ಕೇಳಬೇಕು, ಅಣ್ಣ ಕಣ್ಣೆದುರು ಬಂದು ನಿಂತ ಮೇಲೆಯೇ ಎಲ್ಲ ಎಂದು ಗೊಣಗಿದರು. ತುಂಗಾಬಾಯಿ ವಾದಿಸಲಿಲ್ಲ. "ಇರಲಿ ಬಿಡ್ರಿ, ಬಂದ ಮ್ಯಾಲೆ ಹಚ್ಚಿಕೊಳ್ಳತೀನಿ" ಎಂದು ಒಳಗೆ ಹೋದರು. ಫೋಟೋ ವಾಪಸ್ಸು ಕೇಳಲು ನನಗೆ ಬಾಯಿ ಬರಲಿಲ್ಲ, ಆದರೆ ಅದು ಫೈಲಿನದು. ಕೇಳಿದೆ. ಕೊಟ್ಟರು.

ಆ ಸಂಜೆಯೇ ರಿಪೋರ್ಟು ಬರೆದೆ. ಮೊದಲನೆಯದು ನನ್ನ ತಪ್ಪು ಎಂದು ಸ್ಪಷ್ಟವಾಗಿ ಬರೆದೆ. ಆದರೆ ಕಾಗದ ನಡೆಯುವುದು ಕಾಗದದ ವೇಗದಲ್ಲಿ. ಒಮ್ಮೆ "ಮೃತ" ಎಂದು ಬರೆದಿದ್ದನ್ನು ಅಳಿಸಲು ಎಷ್ಟು ಮಂದಿಯ ಸಹಿ ಬೇಕು ಎಂಬುದು ನನಗೆ ಆಗ ತಿಳಿಯಿತು. ಕರ್ನೂಲಿಗೆ ಎರಡು ಸಲ ನಾನೇ ಹೋಗಿ ಬಂದೆ. ಮಂಜೂರಾಗಿ ದಿಲ್ಲಿಗೆ ಹೋಯಿತು ಎಂದು ತಿಳಿದ ದಿನ ಮಾಧವರಕ್ಕೆ ಒಂದು ಕಾರ್ಡು ಬರೆದು ಹಾಕಿದೆ.

ನಾಲ್ಕೈದು ತಿಂಗಳ ಮೇಲೆ ಕರಣಂ ನರಸಿಂಗರಾಯರು ಹತ್ತಿ ಮಾರಲು ಆದವಾನಿಗೆ ಬಂದವರು ಕಚೇರಿಗೆ ಬಂದರು. ತುಂಗಾಬಾಯಿ ವಿಷಮಜ್ವರದಲ್ಲಿ ತೀರಿಕೊಂಡರಂತೆ. ಹನುಮಂತಾಚಾರ್ರು ಅಣ್ಣನಿಗೆ ಕಾಗದ ಬರೆದಿದ್ದಾರೆ ಎಂದರು. ನಾನು ಒಂದೇ ಒಂದು ಮಾತು ಕೇಳಿದೆ, ಹಣೆಗೆ ಕುಂಕುಮ ಹಚ್ಚಿದ್ದರೇ ಎಂದು. "ಇಲ್ಲ ರಾಯರ, ಹ್ಯಾಂಗಿದ್ದರೋ ಹಂಗs ಒಯ್ದರು" ಎಂದರು. ಗಂಡ ಬದುಕಿದ್ದ ಹೆಂಗಸು ವಿಧವೆಯಾಗಿ ಹೋದಳು. ನಾನು ಆ ದಿನ ಉಂಡು ಎದ್ದವನು ಗೂಟದಿಂದ ಚೀಲ ತೆಗೆದಿದ್ದರೆ ಅವಳ ಗಂಡ ಆ ವೇಳೆಗೆ ಮನೆಯಲ್ಲಿರುತ್ತಿದ್ದ. ಇದರ ಬಗ್ಗೆ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಹೆಂಡತಿ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಮಗೂ, ನಿನಗೆ ನಾನು ಹೇಳುವುದು ಇಷ್ಟೇ. ಈಗ ನಿಮಗೆ ಬೆರಳಚ್ಚು, ಕಂಪ್ಯೂಟರು ಎಲ್ಲ ಇದೆ. ಆದರೂ ಯಾರನ್ನೇ ಆಗಲಿ "ಇಲ್ಲ" ಎಂದು ಬರೆಯುವ ಮೊದಲು ಆ ಮನೆಯ ಒಳಬಾಗಿಲಲ್ಲಿ ನಿಂತವರನ್ನು ಕೇಳು. ಜಗುಲಿಯ ಮೇಲಿನ ಗಂಡಸರ ಸಹಿ ಸಾಲದು. ನಾಚಿಕೆಯಾದರೂ ಕೇಳು.

ಹತ್ತಿಯ ಸುಗ್ಗಿ ಮುಗಿಯುವ ದಿನಗಳಲ್ಲಿ, ಒಂದು ಮಧ್ಯಾಹ್ನ, ಕೋಟು ಹಾಕಿದ ಒಬ್ಬ ಬಡಕಲು ಮನುಷ್ಯ ಟ್ರಂಕು ಹಿಡಿದು ನನ್ನ ಮೇಜಿನ ಮುಂದೆ ಬಂದು ನಿಂತರು. ನನಗೆ ತೂತಿನ ಕಾಗದ ಬೇಕಾಗಲಿಲ್ಲ. ಬಾಂಬೆಯಲ್ಲಿ ಹಡಗು ಇಳಿದು ನೇರ ಬಂದಿದ್ದರು. ಹೊಸ ಪಾಸ್‌ಪೋರ್ಟನ್ನು ತೆಗೆದು ಎರಡೂ ಕೈಯಿಂದ ನನಗೆ ಕೊಟ್ಟರು. "ನಿಮ್ಮಿಂದ ಸಿಕ್ಕದ್ರಿ. ಮೊದಲು ನಿಮಗ ತೋರಸಬೇಕಂತ ಬಂದೆ. ಮನಿಗೆ ಒಮ್ಮೆಲೆ ಹೋಗಾಕ ಅಂಜಿಕಿ ಆಗತದ. ಎಲ್ಲಾರೂ ಹ್ಯಾಂಗದಾರ್ರಿ?" ಎಂದರು. ತಮ್ಮನ ಕಾಗದ ಅವರು ಹಡಗು ಹತ್ತಿದ ಮೇಲೆ ಅಲ್ಲಿಗೆ ಮುಟ್ಟಿರಬೇಕು.

ಹೇಳಿದೆ. ಅವರು ಟ್ರಂಕಿನ ಮೇಲೆ ಕೂತರು. "ಫೋಟೋ ನೋಡಿದ್ಲೇನ್ರಿ?" ಎಂದು ಕೇಳಿದರು. ಆಕೆ ನೋಡಿದ್ದನ್ನೂ, ಅಂದ ಮಾತುಗಳನ್ನೂ ಒಂದೂ ಬಿಡದೆ ಹೇಳಿದೆ. ಅಲ್ಲಿಗೆ ಸುಮ್ಮನಿದ್ದರೆ ನಡೆಯುತ್ತಿತ್ತು. ನಾನು ಸುಮ್ಮನಿರಲಾರದಾದೆ.

"ನೀವು ಸತ್ತಿದ್ದೀರಿ ಅಂತ ಮೊದಲು ಬರೆದವನು ನಾನೇ ಆಚಾರ್ರೇ. ನಿಮ್ಮ ಶ್ರಾದ್ಧದಲ್ಲಿ ಪಿತೃಸ್ಥಾನಕ್ಕೆ ಕೂತು ಉಂಡವನೂ ನಾನೇ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಬೈಯುತ್ತಾರೆ, ಎದ್ದು ಹೋಗುತ್ತಾರೆ ಎಂದುಕೊಂಡೆ.

"ಅಡಿಗಿ ಆಕಿದs ಏನ್ರಿ?"

"ಹೌದು."

"ಏನೇನು ಮಾಡಿದ್ಲು?"

ಎಲೆಯ ತುದಿಯಿಂದ ಹಿಡಿದು ಒಂದೊಂದನ್ನೇ ಹೇಳಿದೆ. ಹಾಗಲಕಾಯಿ ಗೊಜ್ಜು ಎಂದಾಗ ತಡೆದರು.

"ಬೆಲ್ಲ ಮುಂದಾಗಿತ್ತೇನ್ರಿ?"

"ಆಗಿತ್ತು."

"ನಮ್ಮಪ್ಪಗ ಸೇರತಿದ್ದಿಲ್ಲ, ಬೈತಿದ್ರು. ನನಗಂತ ಹಾಕತಿದ್ಲು" ಎಂದು ಕನ್ನಡಕ ತೆಗೆದು ಒರೆಸಿಕೊಂಡರು. "ಕಡೀಕ ತೃಪ್ತಿ ಆತು ಅಂತ ಅಂದಿರೇನ್ರಿ?"

"ಅಂದೆ. ಎರಡು ಸಲ."

"ಆಕಿಗೆ ಕೇಳಸ್ತೇನ್ರಿ?"

"ಕೇಳಿಸಿತು. ಬಾಗಿಲಲ್ಲೇ ಇದ್ದರು."

"ಹಂಗಾದ್ರ ನಾ ಹೇಳಬೇಕಾದ್ದು ನೀವು ಹೇಳೀರಿ" ಎಂದರು. ಪಾಸ್‌ಪೋರ್ಟು ಇನ್ನೂ ನನ್ನ ಕೈಯಲ್ಲೇ ಇತ್ತು. ಅದನ್ನು ತೆಗೆದುಕೊಂಡು ಕೋಟಿನ ಒಳಜೇಬಿಗೆ ಇಟ್ಟುಕೊಂಡು, ಮಾಧವರದ ಕಡೆಗೆ ರೈಲು ಎಷ್ಟು ಹೊತ್ತಿಗೆ ಎಂದು ಕೇಳಿದರು.